ಪೈಲವಾನ ಲಕ್ಕಪ್ಪನ ಹೊಟ್ಟೆಕಿಚ್ಚು

ಕೊಣ್ಣೂರಿನ ಲಕ್ಕಪ್ಪ ಪೈಲವಾನನಿಗೆ ಹೊಟ್ಟೆಕಿಚ್ಚು ಹುಟ್ಟುಗುಣ ಎಂದು ಜನ ಆಡಿಕೊಳ್ಳುತ್ತಾರೆ. ಅದು ಸುಳ್ಳು. ಗೋಕಾಕದ ಗುರುಲಿಂಗಪ್ಪನವರ ಹತ್ತಿ ಗಿರಣಿಯಲ್ಲಿ ನಾನು ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದೆ, ಅವನು ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ. ಆ ಮನುಷ್ಯನನ್ನು ನಾನು ಬಲ್ಲಷ್ಟು ಅವನ ಹೆಂಡತಿ ಬಾಳವ್ವ ಬಲ್ಲಳೋ ಇಲ್ಲವೋ. ಮೀಸೆಯಲ್ಲಿ ಬಿಳಿ ಕೂದಲು ಕಾಣುವ ತನಕ ಅವನು ಯಾರನ್ನೂ ನೋಡಿ ಹೊಟ್ಟೆ ಉರಿಸಿಕೊಂಡವನಲ್ಲ. ಉರಿಸಿಕೊಳ್ಳಲು ಕಾರಣವಾದರೂ ಏನಿತ್ತು? ಕುಸ್ತಿಯ ಕಣದಲ್ಲಿ ಅವನಿಗೆ ಸಮನಿಲ್ಲ. ಇಬ್ಬರು ಸೇರಿ ಅಲುಗಿಸಲಾರದ ಹತ್ತಿ ಅಂಡಿಗೆಯನ್ನು ಬೆನ್ನಿಗೆ ಹಾಕಿಕೊಂಡು, ಎಲೆಯಡಿಕೆ ಅಗಿಯುತ್ತ, ಎದುರು ಬಂದವರ ಕ್ಷೇಮಸಮಾಚಾರ ಕೇಳುತ್ತ ಹೋಗುತ್ತಿದ್ದ. ಊರಿಗೆ ಊರೇ ತನ್ನನ್ನು ನೋಡುತ್ತಿರುವಾಗ ಅವನು ಯಾರನ್ನು ನೋಡಬೇಕು? ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಮೇಲೆ, ಒಬ್ಬನೇ ಒಬ್ಬ ಮನುಷ್ಯನ ದೆಸೆಯಿಂದ. ಬಿದ್ದ ಬೆಂಕಿ ಮತ್ತೆ ಆರಲಿಲ್ಲ.

ಇದು ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಮಾತು. ಗುರುಲಿಂಗಪ್ಪನವರು ಹತ್ತಿ ಹಿಂಜುವ ಹೊಸ ಯಂತ್ರ ತರಿಸಿದರು. ಅದನ್ನು ಕೂಡಿಸಿಕೊಡಲು ಹಾರ್ಪರ್ ಎಂಬ ಅಮೆರಿಕದ ಸಾಹೇಬ ಬಂದ. ಕೆಂಪು ಮುಖ, ಉದ್ದ ಕಾಲು. ನಾವು ಕಂಡ ಬೇರೆ ಸಾಹೇಬರ ಬಿಗುಮಾನ ಅವನಿಗಿರಲಿಲ್ಲ. ಮುಂಬಯಿಯಲ್ಲಿ ಕಲಿತ ಹರಕುಮುರುಕು ಮರಾಠಿಯಲ್ಲಿ ಕಂಡಕಂಡವರೊಡನೆ ಹರಟುತ್ತಿದ್ದ. ಅಂಥವೇ ಯಂತ್ರಗಳು ಮೂಡಲಗಿ, ಹುಕ್ಕೇರಿಯ ಗಿರಣಿಗಳಿಗೂ ಬಂದಿದ್ದವು; ಸಾಹೇಬ ಮೂರೂರು ಸುತ್ತುತ್ತಿದ್ದ. ಸಂಜೆಯಾದರೆ ಅವನಿಗೆ ಬೇಸರ. ಬೇಸರ ಕಳೆಯಲು ಮೂರೂ ಊರಿನ ಗಿರಣಿ ಆಳುಗಳಿಗೆ ತನ್ನ ದೇಶದ ಆಟ ಕಲಿಸಿದ. ಬೇಸ್‌ಬಾಲ್ ಎಂದು ಅದರ ಹೆಸರು. ನಮ್ಮ ಬಾಯಲ್ಲಿ ಅದು ಸಾಹೇಬನ ಚೆಂಡಾಟ.

ಆಟದಲ್ಲಿ ದೊಡ್ಡ ಗುಟ್ಟೇನಿಲ್ಲ. ಒಬ್ಬ ಚೆಂಡು ಒಗೆಯುತ್ತಾನೆ, ಒಬ್ಬ ದಾಂಡು ಹಿಡಿದು ಬಡಿಯುತ್ತಾನೆ. ಬಡಿದವನು ಹತ್ತಿಕಾಳು ತುಂಬಿದ ಮೂರು ಗೋಣಿಚೀಲಗಳನ್ನು ಒಂದಾದ ಮೇಲೊಂದು ಮುಟ್ಟಿ, ಸುತ್ತು ಹಾಕಿ, ಹೊರಟಲ್ಲಿಗೇ ವಾಪಸು ಬರಬೇಕು. ಆ ಜಾಗಕ್ಕೆ ಮನೆ ಎಂದು ಹೆಸರು. ಮನೆಗೆ ಬಂದರೆ ಒಂದು ಓಟ. ಬಡಿದ ಚೆಂಡನ್ನು ನೆಲಕ್ಕೆ ಬೀಳದಂತೆ ಹಿಡಿದರೆ ಬಡಿದವನು ಔಟ್. ಚೀಲದಿಂದ ಚೀಲಕ್ಕೆ ಹೋಗುವಾಗ ಎದುರಾಳಿ ಚೆಂಡು ಹಿಡಿದ ಕೈಯಿಂದ ಮೈ ಮುಟ್ಟಿದರೂ ಔಟ್. ಒಗೆದ ಚೆಂಡು ಬಡಿಯುವ ಅಳತೆಯಲ್ಲಿ ಬಂದರೆ ಅದು ಖರೆ ಚೆಂಡು. ಎತ್ತರಕ್ಕೋ ದೂರಕ್ಕೋ ಹೋದರೆ ಖೊಟ್ಟಿ. ಖರೆ ಚೆಂಡು ಬಿಟ್ಟರೂ ತಪ್ಪು, ಯಾವ ಚೆಂಡಿಗೇ ಆಗಲಿ ದಾಂಡು ಬೀಸಿ ತಾಗದಿದ್ದರೂ ತಪ್ಪು. ಮೂರು ತಪ್ಪಿಗೆ ಔಟ್. ಆದರೆ ಆಸೆಗೆ ಬೀಳದೆ ನಾಲ್ಕು ಖೊಟ್ಟಿ ಚೆಂಡುಗಳನ್ನು ಸುಮ್ಮನೆ ಬಿಟ್ಟವನು ಏನೂ ಬಡಿಯದೆ ಮೊದಲನೆಯ ಚೀಲಕ್ಕೆ ನಡೆದುಹೋಗಬಹುದು. ಅದಕ್ಕೆ ನಾವು ನಡಿಗಿ ಎನ್ನುತ್ತಿದ್ದೆವು.

ಲಕ್ಕಪ್ಪನಿಗೆ ನಡಿಗಿ ಎಂದರೆ ಅಸಹ್ಯ. ಗಂಡಸಾದವನು ಬಡಿಯಬೇಕು. ಅವನ ಬಡಿತವೂ ಅಂಥದೇ. ದಾಂಡಿಗೆ ಸಿಕ್ಕ ಚೆಂಡು ಗಿರಣಿಯ ಗೋಡೆ ದಾಟಿ ಜೋಳದ ಹೊಲಕ್ಕೆ ಬೀಳುತ್ತಿತ್ತು, ಹುಡುಕಿ ತರುವಷ್ಟರಲ್ಲಿ ನಾವು ಒಂದು ಬೀಡಿ ಸೇದಿ ಮುಗಿಸುತ್ತಿದ್ದೆವು. ತಲೆಯ ಮೇಲೆ ಹೋಗುವ ಚೆಂಡಿಗೂ ಬೀಸುತ್ತಿದ್ದ, ಕಾಲ ಬುಡಕ್ಕೆ ಬೀಳುವ ಚೆಂಡಿಗೂ ಬೀಸುತ್ತಿದ್ದ. ತಾಗಿದ ದಿನ ಜನ ಕುಣಿಯುತ್ತಿದ್ದರು. ತಾಗದ ದಿನ ಅವನು ಗಾಳಿಯನ್ನು ಬೈಯುತ್ತಿದ್ದ.

ಆ ದಾಂಡು ಸಾಹೇಬನ ಸ್ವಂತದ್ದು, ಅವನ ದೇಶದ ಕಟ್ಟಿಗೆ. ಬೆಣ್ಣೆಯ ಹಾಗೆ ನುಣುಪು. ಲಕ್ಕಪ್ಪ ಅದನ್ನು ಕೈಗೆತ್ತಿಕೊಂಡ ದಿನವೇ ಅದಕ್ಕೆ ಮನಸೋತ. ಕುಸ್ತಿಯಲ್ಲಿ ಅವನಿಗೆ ಗದೆ ಬಂದಿತ್ತು, ಬೆಳ್ಳಿಯ ಕಡಗ ಬಂದಿತ್ತು, ಇಂಥದ್ದು ಬಂದಿರಲಿಲ್ಲ. ಯಂತ್ರದ ಕೆಲಸ ಮುಗಿಯುತ್ತ ಬಂದಾಗ ಸಾಹೇಬ ನಮ್ಮನ್ನೆಲ್ಲ ಕೂಡಿಸಿ ಹೇಳಿದ: ಕೊನೆಯ ಆಟ ಹುಕ್ಕೇರಿಯಲ್ಲಿ. ಗೆಲ್ಲುವ ಓಟವನ್ನು ಯಾರು ಮನೆಗೆ ತರುತ್ತಾನೋ ಅವನಿಗೆ ಈ ದಾಂಡು ಕೊಟ್ಟು ನಾನು ಹಡಗು ಹತ್ತುತ್ತೇನೆ. ಎಲ್ಲರೂ ಲಕ್ಕಪ್ಪನ ಮುಖ ನೋಡಿದರು. ಲಕ್ಕಪ್ಪ ಮೀಸೆ ನೀವಿಕೊಂಡ. ಮನೆಗೆ ಹೋಗಿ ದಾಂಡು ತೂಗುಹಾಕಲು ಗೋಡೆಗೆ ಮೊಳೆ ಬಡಿದು, ನೆಲ ಸಾರಿಸುತ್ತಿದ್ದ ಬಾಳವ್ವನಿಗೆ ಆ ಮೊಳೆಗೆ ಬಟ್ಟೆ ನೇತುಹಾಕಬಾರದೆಂದು ತಾಕೀತು ಮಾಡಿದ.

ಆಗಲೇ ನಮ್ಮ ಕಡೆ ಆಡುತ್ತಿದ್ದ ಅಲ್ಲಪ್ಪನ ಬೆರಳು ಮುರಿಯಿತು. ನಮ್ಮ ಒಂಬತ್ತು ಜನರಲ್ಲಿ ಒಬ್ಬ ಕಡಿಮೆಯಾದ. ಸಾಹೇಬ ಸುತ್ತ ನೋಡಿ, ಬಾಯ್ಲರಿನ ಬೂದಿ ಹೊತ್ತು ಹಾಕುತ್ತಿದ್ದ ಯಲ್ಲಾರಿಯನ್ನು ಕೈಮಾಡಿ ಕರೆದ. ಯಲ್ಲಾರಿ ಊರ ಹೊರಗಿನ ಕೇರಿಯವನು. ಸಣಕಲ ದೇಹ, ತಗ್ಗಿದ ತಲೆ. ಅವನ ನೆರಳು ಬಿದ್ದರೆ ಕೊಡದ ನೀರು ಚೆಲ್ಲುವ ಜನ ನಾವು. ಶರಣರ ಹೆಸರು ಹೇಳಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವ ಮನೆತನಗಳೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಗುರುಲಿಂಗಪ್ಪನವರಿಗೆ ದೂರು ಹೋಯಿತು. ಅವರು ವ್ಯಾಪಾರದ ಮನುಷ್ಯ. ಯಂತ್ರ ತಿರುಗುವ ತನಕ ಸಾಹೇಬ ಹೇಳಿದ ಹಾಗೆ ಕೇಳಿರೆಂದು ಹೇಳಿ ಕಳಿಸಿದರು.

ನಾವು ನಮ್ಮದೇ ಕಾನೂನು ಮಾಡಿಕೊಂಡೆವು. ಯಲ್ಲಾರಿಗೆ ಸಾಹೇಬನ ದಾಂಡು ಬೇಡ, ಅವನೇ ಕೆತ್ತಿಕೊಂಡ ಜಾಲಿಯ ಬಡಿಗೆ ಸಾಕು. ಅವನು ಹಿಡಿದ ಚೆಂಡನ್ನು ಕೈಗೆ ಒಗೆಯಬಾರದು, ನೆಲದ ಮೇಲೆ ಉರುಳಿಸಬೇಕು. ಮಣ್ಣು ತಾಗಿದರೆ ಮೈಲಿಗೆ ಹೋಯಿತು. ಅವನು ಚೀಲದ ಬಳಿ ಬಂದರೆ ಅಲ್ಲಿದ್ದವನು ಅತ್ತ ಸರಿಯಬೇಕು. ಮೊದಲನೆಯ ಚೀಲದ ಬಳಿ ನಿಲ್ಲುವವನು ನಾನೇ, ನಾನೂ ಸರಿಯುತ್ತಿದ್ದೆ. ಇದೆಲ್ಲ ಮಾಡಿ ಆಟ ಶುದ್ಧವಾಗಿ ಉಳಿಯಿತೆಂದುಕೊಂಡೆವು. ಒಂದು ಮಾತು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಮೂಡಲಗಿಯಲ್ಲಿ. ಅಂದು ಲಕ್ಕಪ್ಪ ಬಡಿದ ಚೆಂಡು ಆಕಾಶಕ್ಕೆ ಹೋಗಿ ಕಾಣದಾಯಿತು. ಜನ ಕೂಗಿದರು. ಚೆಂಡು ಕೆಳಗಿಳಿದು, ದೂರದಲ್ಲಿ ನಿಂತಿದ್ದ ಒಬ್ಬ ಮೂಡಲಗಿಯವನ ಬೊಗಸೆಗೆ ಬಿತ್ತು. ಔಟ್. ಲಕ್ಕಪ್ಪನ ಹಿಂದೆ ಯಲ್ಲಾರಿ ಬಂದ. ಜಾಲಿಯ ಬಡಿಗೆಯನ್ನು ಹೆಗಲಿಗಿಟ್ಟು ನಿಂತ. ಒಂದು ಚೆಂಡು ಎತ್ತರಕ್ಕೆ ಬಂತು, ಬಿಟ್ಟ. ಒಂದು ದೂರ ಹೋಯಿತು, ಬಿಟ್ಟ. ಅಳತೆಗಿಂತ ಒಂದೇ ಗೇಣು ಆಚೆ ಹೋದದ್ದನ್ನೂ ಬಿಟ್ಟ. ನಾಲ್ಕನೆಯದನ್ನು ತಿರುಗಿಯೂ ನೋಡಲಿಲ್ಲ. ಬಡಿಗೆ ಕೆಳಗಿಟ್ಟು ಮೊದಲನೆಯ ಚೀಲಕ್ಕೆ ನಡೆದ. ಅಲ್ಲಿದ್ದ ಮೂಡಲಗಿಯವನು ಸರಿದು ನಿಂತ. ಯಲ್ಲಾರಿ ಒಂದು ಕ್ಷಣ ಅವನನ್ನು ನೋಡಿದ, ಎರಡನೆಯ ಚೀಲದ ಕಡೆ ಹೊರಟ. ಓಡಲೂ ಇಲ್ಲ. ಚೆಂಡು ಹಿಡಿದವನು ಎದುರಿಗೇ ಇದ್ದ, ಮುಟ್ಟಿದರೆ ಔಟ್. ಆದರೆ ಮುಟ್ಟುವವರು ಯಾರು? ಅವನೂ ಸರಿದು ದಾರಿಬಿಟ್ಟ. ಯಲ್ಲಾರಿ ಎರಡನೆಯ ಚೀಲ ದಾಟಿ, ಮೂರನೆಯದು ದಾಟಿ, ಸಂತೆಯಿಂದ ಮರಳುವವನ ಹಾಗೆ ನಿಧಾನವಾಗಿ ಮನೆಗೆ ಬಂದ. ಸಾಹೇಬ ಮುಟ್ಟಿ, ಮುಟ್ಟಿ ಎಂದು ಮರಾಠಿಯಲ್ಲಿ ಬಡಕೊಂಡ. ಆಮೇಲೆ ಅವನಿಗೆ ಅರ್ಥವಾಗಿರಬೇಕು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಸುಮ್ಮನಾದ.

ಅಂದು ನಾವು ಗೆದ್ದೆವು. ಸಾಹೇಬ ಯಲ್ಲಾರಿಯ ಬೆನ್ನು ತಟ್ಟಿದ. ತನ್ನ ಕಣ್ಣನ್ನು ಬೆರಳಿನಿಂದ ತೋರಿಸಿ, ಬಳಿಕ ಯಲ್ಲಾರಿಯ ಕಣ್ಣನ್ನು ತೋರಿಸಿ ನಮಗೆಲ್ಲ ಏನೋ ಹೇಳಿದ. ಆಕಾಶ ಮುಟ್ಟಿಸಿದ ಲಕ್ಕಪ್ಪನ ಬೆನ್ನನ್ನು ಯಾರೂ ತಟ್ಟಲಿಲ್ಲ. ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ.

ವಾಪಸು ಬರುವಾಗ ಗಾಡಿಯಲ್ಲಿ ಅವನದು ಒಂದೇ ಮಾತು. “ಬಡೀಲಾರದ ಬಂದಾನ. ಓಡಲಾರದ ಬಂದಾನ. ಏನ ಮಾಡ್ಯಾನ ಅಂವ? ಸುಮ್ಮ ನಿಂತಾನ.”

“ಸುಮ್ಮ ನಿಲ್ಲೂದ ತ್ರಾಸ ಐತಿ ಮಾರಾಯ. ನಿನಗ ಬರತೈತೇನು?” ಎಂದೆ ನಾನು.

ಅವನು ನನ್ನನ್ನು ನುಂಗುವಂತೆ ನೋಡಿದ. ಯಲ್ಲಾರಿ ಗಾಡಿಯ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ನಡೆದು ಬರುತ್ತಿದ್ದ. ಅವನಿಗೆ ಗಾಡಿಯಲ್ಲಿ ಜಾಗ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮರುದಿನದಿಂದ ಗಿರಣಿಯ ಅಂಗಳದಲ್ಲಿ ಆಟ ಕಲಿಯುವಾಗಲೆಲ್ಲ ಲಕ್ಕಪ್ಪ ಹರಿಹಾಯತೊಡಗಿದ. ಯಲ್ಲಾರಿ ಚೀಲ ಬಿಟ್ಟು ಹೊರಟರೆ ಸಾಕು. “ಮುಟ್ಟರೋ ಅವನ್ನ. ಆಟ ಅಂದ ಮ್ಯಾಲ ಎಲ್ಲಾರಿಗೂ ಒಂದ ಕಾನೂನ. ನನ್ನ ಮುಟ್ಟತೀರಿ, ಅವನ್ಯಾಕ ಮುಟ್ಟಂಗಿಲ್ಲ?”

ಕೇಳುವವರು ಯಾರೋ ದೊಡ್ಡ ಸುಧಾರಕ ಮಾತಾಡುತ್ತಿದ್ದಾನೆಂದು ತಿಳಿಯಬೇಕು. ಅಲ್ಲಪ್ಪ ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಗಾನಿಸಿ ಕುಳಿತವನು ಹೇಳಿದ, “ಅಷ್ಟ ಆಸೆ ಇದ್ದರ ನೀನ ಮುಟ್ಟಲ್ಲ.” ಲಕ್ಕಪ್ಪ ಎರಡು ಹೆಜ್ಜೆ ಮುಂದಿಟ್ಟ. ಯಲ್ಲಾರಿ ನಿಂತು ನೋಡಿದ. ಲಕ್ಕಪ್ಪನ ಕೈ ಮೇಲೇಳಲಿಲ್ಲ. ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಅಂಡಿಗೆ ಹೊರಲು ಹೋದ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಯಲ್ಲಾರಿಯನ್ನು ಕೇಳಿದೆ. ನಾವು ಬೇವಿನ ನೆರಳಿನಲ್ಲಿ, ಅವನು ಅದರಾಚೆ ಬಿಸಿಲಿನಲ್ಲಿ. ಲಕ್ಕಪ್ಪ ನನ್ನ ಬಾಜೂ ಕಣ್ಣು ಮುಚ್ಚಿ ಮಲಗಿದ್ದ, ನಿದ್ದೆ ಬಂದಿರಲಿಲ್ಲ.

“ಯಲ್ಲಾರಿ, ಖರೆ ಚೆಂಡ ಯಾವುದು, ಖೊಟ್ಟಿ ಯಾವುದು, ಕೈಯಿಂದ ಬಿಡೂದರಾಗ ನಿನಗ ಹೆಂಗ ತಿಳೀತೈತೋ?”

“ಅದರಾಗ ಏನೈತ್ರಿ,” ಎಂದ ಯಲ್ಲಾರಿ. “ಸಣ್ಣಾಂವ ಇದ್ದಾಗಿಂದ ನಾವು ಉಣ್ಣೂದ ಒಗದದ್ದರಿ. ನಿಮ್ಮ ಓಣ್ಯಾಗ ಬಂದ ಅಂಗಳದಾಚಿ ನಿಂತರ ಅವ್ವಗೋಳು ಹೊಸ್ತಲದಾಗಿಂದ ರೊಟ್ಟಿ ಒಗೀತಾರ. ನಾವು ಉಡಿ ಒಡ್ಡಬೇಕರಿ. ಅಳತ್ಯಾಗ ಬಂದದ್ದ ಹಿಡದರ ಹೊಟ್ಟಿಗಾತು. ದೂರ ಬಿದ್ದದ್ದಕ್ಕ ಕೈ ಚಾಚಿ ಒಂದ ಹೆಜ್ಜಿ ಮುಂದಿಟ್ಟರ, ಅಂಗಳ ಮೈಲಿಗಿ ಆತಂತ ಬಡಿಗಿ ಬೀಳತಿದ್ದು. ಎಷ್ಟ ಹಸಿವಿದ್ದರೂ ಬಿಡಬೇಕರಿ. ಬಡಿಗಿ ತಿಂದ ತಿಂದ ಕಣ್ಣ ತಾನ ಕಲೀತು.”

ಅವನು ನಗುತ್ತ ಹೇಳಿದ. ಕಣ್ಣು ಮಾತ್ರ ನಗಲಿಲ್ಲ. ನಾನು ಕೈಯಲ್ಲಿದ್ದ ರೊಟ್ಟಿಯನ್ನು ನೋಡುತ್ತ ಕುಳಿತೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೇಳಿ ಮರುಗುತ್ತಿದ್ದರು, ಇಲ್ಲವೇ ಕೇಳದವರ ಹಾಗೆ ಮಗ್ಗುಲಾಗುತ್ತಿದ್ದರು. ಲಕ್ಕಪ್ಪ ಎದ್ದು ಕುಳಿತ. ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

“ನೋಡಿದೇನ ಕೇದಾರಿ,” ಎಂದ ನನಗೆ. “ನಮ್ಮವ್ವ ನನಗ ಒಂದ ರೊಟ್ಟೀನೂ ಒಗೀಲಿಲ್ಲ. ತುತ್ತ ಮಾಡಿ ಬಾಯಾಗಿಟ್ಟ ಕೆಡಿಸಿದಳು.”

ಹೊಟ್ಟೆಕಿಚ್ಚಿಗೆ ಕಣ್ಣಿಲ್ಲವೆಂದು ಗೊತ್ತಿತ್ತು. ಇಷ್ಟು ಕುರುಡೆಂದು ಗೊತ್ತಿರಲಿಲ್ಲ. ಒಬ್ಬನ ಹಸಿವನ್ನೂ ಬಿಡದೆ ಅದಕ್ಕೂ ಕರುಬುವವನನ್ನು ನಾನು ಕಂಡದ್ದು ಅದೇ ಮೊದಲು.

ಅಂದು ಸಂಜೆ ಅವನು ಮನೆಗೆ ಹೋಗಿ ಅಂಗಳದ ತುದಿಯಲ್ಲಿ ನಿಂತ. ಬಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮುಂದಿನದನ್ನು ಆಕೆಯೇ ನನಗೆ ಹೇಳಿದಳು, ಗೋಡೆಯ ಮೇಲಿಂದ ಇಣುಕಿ ನೋಡಿದ ನೆರೆಮನೆಯ ಫಕೀರವ್ವ ಊರಿಗೆಲ್ಲ ಹೇಳಿದಳು.

“ಒಗಿ,” ಎಂದ ಲಕ್ಕಪ್ಪ.

“ಏನ ಒಗೀಲ್ರಿ?”

“ರೊಟ್ಟಿ ಒಗಿ. ಹೊಸ್ತಲದಾಗ ನಿಂತ ಒಗಿ. ಅಳತ್ಯಾಗ ಬಂದದ್ದ ಹಿಡೀತೇನಿ, ಬಾರದ್ದ ಬಿಡತೇನಿ.”

“ತಲಿ ನೆಟ್ಟಗೈತಿಲ್ರಿ? ಉಣ್ಣೂ ಅನ್ನ ಯಾರರ ಒಗೀತಾರೇನ್ರಿ?”

“ಓಣ್ಯಾನ ಹೆಣಮಕ್ಕಳೆಲ್ಲಾ ಒಗೀತೀರಿ. ನನಗ ಒಗ್ಯಾಕ ಏನಾಗೈತಿ?”

ಬಾಳವ್ವ ಕೈಯ ಹಿಟ್ಟು ಕೊಡವಿ ಎದ್ದಳು. ಬುಟ್ಟಿ ತಂದು ಹೊಸ್ತಿಲಲ್ಲಿ ನಿಂತು ಒಗೆದಳು. ಮೊದಲನೆಯದು ಎದೆಗೆ ಬಂತು, ಹಿಡಿದ. ಎರಡನೆಯದು ಗೋಡೆಯ ಕಡೆ ಹೋಯಿತು. ಅದನ್ನೂ ಹಾರಿ ಹಿಡಿದ. ಮೂರನೆಯದು ದನದ ಗೋದಲಿಯತ್ತ ಹೋಗುವುದನ್ನು ಕಂಡು ಪೈಲವಾನ ಮಗುಚಿಕೊಂಡು ಬಿದ್ದು, ನೀರಿನ ಕೊಡ ಒಡೆದು, ರೊಟ್ಟಿಯನ್ನು ಮಾತ್ರ ನೆಲಕ್ಕೆ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಕಾಳು ಬಿದ್ದರೆ ಹೆಕ್ಕಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು. ರೊಟ್ಟಿ ಬೀಳುವುದನ್ನು ನೋಡುತ್ತ ನಿಲ್ಲುವುದು ಅವನ ಕೈಗೆ ಬರದ ವಿದ್ಯೆ.

“ನಿಮಗ ಬಿಡೂದ ಗೊತ್ತಿಲ್ರಿ,” ಎಂದಳು ಬಾಳವ್ವ, ಒಡೆದ ಕೊಡದ ಚೂರು ಆರಿಸುತ್ತ. “ಲಗ್ನ ಆದಾಗಿಂದ ನೋಡಾಕತ್ತೇನಿ.”

ಹುಕ್ಕೇರಿಯ ಆಟದ ದಿನ ಬಂತು. ಗುಮ್ಮಟಗಳ ಬಾಜೂ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಲಕ್ಕಪ್ಪ ವಿಭೂತಿ ಹಚ್ಚಿಕೊಂಡು, ದಾಂಡಿಗೆ ಕೈಮುಗಿದು ಇಳಿದ. ಎರಡು ಸಲ ಭಾರಿ ಬಡಿತ ಬಡಿದ, ಎರಡೂ ಹುಕ್ಕೇರಿಯವರ ಬೊಗಸೆಗೆ. ಕೊನೆಯ ಸರದಿಗೆ ಬರುವಾಗ ಎರಡೂ ಕಡೆಯ ಓಟ ಸಮ. ನಮ್ಮ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಹೋದರೆ ಮುಗಿಯಿತು.

ಯಲ್ಲಾರಿ ಬಂದ, ನಿಂತ, ನಾಲ್ಕು ಖೊಟ್ಟಿ ಚೆಂಡು ಬಿಟ್ಟ, ನಡೆದ. ಹುಕ್ಕೇರಿಯವರೂ ಮೂಡಲಗಿಯವರ ಹಾಗೇ ಸರಿದರು. ಮೂರನೆಯ ಚೀಲದ ತನಕ ಬಂದು ಅವನು ಉಸಿರು ತೆಗೆದುಕೊಳ್ಳಲು ನಿಂತ. ಸಾಹೇಬ ಅಂದು ಸರದಿ ಬದಲಿಸಿದ್ದ, ಮುಂದಿನದು ಲಕ್ಕಪ್ಪನದು. ದಾಂಡು ಹಿಡಿದು ಹೊರಟವನು ನಡುದಾರಿಯಿಂದ ತಿರುಗಿ ನಾನು ಕುಳಿತಲ್ಲಿಗೆ ಬಂದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

“ಕೇದಾರಿ, ನಾ ಬಡದರ ಅಂವ ಮನಿಗೆ ಬರತಾನ.”

“ಬರತಾನ.”

“ಗೆಲ್ಲೂ ಓಟ ಅವಂದ ಆಕ್ಕೈತಿ. ನಾ ಬಡದರೂ ದಾಂಡ ಅವಗ.”

“ಹೂಂ. ಊರ ಗೆಲ್ಲತೈತಿ, ಹೋಗಿ ಬಡಿ.”

ಅವನು ಹೋದ. ಮೊದಲನೆಯ ಚೆಂಡು ಎದೆಮಟ್ಟಕ್ಕೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಬಂತು. ಲಕ್ಕಪ್ಪ ದಾಂಡನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಎರಡನೆಯದೂ ಅಷ್ಟೇ ಸೊಗಸಾಗಿ ಬಂತು. ಬಿಟ್ಟ. ಕಾಲ ಬುಡದ ಚೆಂಡಿಗೂ ಬೀಸುವ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಕೈ ಕಟ್ಟಿ ನಿಂತಿದ್ದ, ಅದೂ ಬಡಿಯಬೇಕಾದ ಚೆಂಡುಗಳಿಗೆ. ಹೊಟ್ಟೆಕಿಚ್ಚು ಅವನಿಗೆ ಕಲಿಸಿದ ಸಂಯಮ ಅದು. ನಮ್ಮವರು ಹಲ್ಲು ಕಡಿಯುತ್ತಿದ್ದರು.

ಮೂರನೆಯದು ಒಗೆಯುವವನ ಕೈತಪ್ಪಿ ಲಕ್ಕಪ್ಪನ ತಲೆ ಮೇಲೆ, ಹಿಂದೆ ನಿಂತವನ ತಲೆಯ ಮೇಲೂ ಹಾರಿಹೋಯಿತು. ಯಲ್ಲಾರಿ ಮೂರನೆಯ ಚೀಲ ಬಿಟ್ಟು ಮನೆಯ ಕಡೆ ಓಡಿದ. ಹಿಂದೆ ನಿಂತಿದ್ದ ಹುಕ್ಕೇರಿಯವನು ಚೆಂಡು ಎತ್ತಿಕೊಂಡು ಓಡಿಬಂದು ದಾರಿಗೆ ಅಡ್ಡ ನಿಂತ. ಇಬ್ಬರ ನಡುವೆ ಒಂದು ಮೊಳ ಅಂತರ. ಕೈ ಚಾಚಿದರೆ ಔಟ್, ಚಾಚದಿದ್ದರೆ ಅವರ ಊರು ಸೋತಂತೆ. ಅವನು ಕೈ ಚಾಚಲಿಲ್ಲ. ಪಕ್ಕಕ್ಕೆ ಸರಿದು ದಾರಿಬಿಟ್ಟ.

ಲಕ್ಕಪ್ಪ ದಾಂಡು ಬಿಸಾಕಿದ. ಹುಕ್ಕೇರಿಯವನ ಕೈಯಿಂದ ಚೆಂಡು ಕಸಿದುಕೊಂಡ. ಮನೆಗೆ ಒಂದೇ ಹೆಜ್ಜೆ ದೂರವಿದ್ದ ಯಲ್ಲಾರಿಯ ಎದೆಗೆ ಚೆಂಡು ಸಮೇತ ಅಂಗೈ ಊರಿ, “ಔಟ್,” ಎಂದ.

ಬಯಲಿಗೆ ಬಯಲೇ ಗಪ್ಪಾಯಿತು. ಸಾಹೇಬ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕಡೆಯವನನ್ನೇ ಔಟ್ ಮಾಡಿದ ಆಟಗಾರನನ್ನು ಅವನು ತನ್ನ ದೇಶದಲ್ಲಿ ಕಂಡಿರಲಿಕ್ಕಿಲ್ಲ. ಉಳಿದವರು ಯಾರೂ ಓಟದ ಬಗ್ಗೆ ಯೋಚಿಸುತ್ತಿರಲಿಲ್ಲ. ಎಲ್ಲರ ಕಣ್ಣು ಲಕ್ಕಪ್ಪನ ಕೈಯ ಮೇಲಿತ್ತು. ಲಕ್ಕಪ್ಪನೂ ಅದನ್ನೇ ನೋಡುತ್ತಿದ್ದ. ಯಲ್ಲಾರಿ ಎದೆಯ ಮೇಲೆ ಆ ಕೈ ಬಿದ್ದ ಜಾಗವನ್ನು ತನ್ನ ಕೈಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಸಾವಕಾಶ ಆ ಒಂದು ಹೆಜ್ಜೆ ಇಟ್ಟು ಮನೆಯ ಮೇಲೆ ನಿಂತ. ಪುಸ್ತಕದ ಕಾನೂನು ಏನು ಹೇಳುತ್ತದೋ ಗೊತ್ತಿಲ್ಲ. ಸಾಹೇಬ ಹೇಳಿದ್ದು ನಮಗೆ ಕಾನೂನು, ಸಾಹೇಬ ಓಟ ಕೊಟ್ಟ. ದಾಂಡನ್ನು ನೆಲದಿಂದ ಎತ್ತಿ, ಒರೆಸಿ, ಎರಡೂ ಕೈಯಿಂದ ಯಲ್ಲಾರಿಗೆ ಕೊಟ್ಟ.

ವಾಪಸು ಬರುವಾಗ ಗಾಡಿಯಲ್ಲಿ ಲಕ್ಕಪ್ಪನಿಗೂ ಜಾಗ ಇರಲಿಲ್ಲ. ಹೊಳೆಯಲ್ಲಿ ಮಿಂದು ಮಡಿಯಾಗುವ ತನಕ ಅವನೂ ಗಾಡಿಯ ಹಿಂದೆಯೇ ನಡೆಯಬೇಕಾಯಿತು. ಮುಂದೆ ದಾಂಡನ್ನು ಹೆಗಲಿಗಿಟ್ಟುಕೊಂಡ ಯಲ್ಲಾರಿ, ಅವನ ಹಿಂದೆ ದಾಂಡಿನ ಮೇಲೇ ಕಣ್ಣಿಟ್ಟ ಲಕ್ಕಪ್ಪ. ಗಾಡಿಯ ಹಿಂಬದಿಯಲ್ಲಿ ಕುಳಿತಿದ್ದ ನನಗೆ ಮಾತು ಕೇಳುತ್ತಿತ್ತು.

“ಪೈಲವಾನ್ರ, ನನ್ನ ಮುಟ್ಟಿ ಔಟ್ ಮಾಡಿದವರು ನೀವ ಮೊದಲನೇದವರು,” ಎಂದ ಯಲ್ಲಾರಿ.

“ಔಟ್ ಎಲ್ಲಿ ಆದಿ? ದಾಂಡ ನಿನ್ನ ಹೆಗಲ ಮ್ಯಾಲೈತಿ.”

ಘಟಪ್ರಭೆಯ ದಂಡೆಯಲ್ಲಿ ಲಕ್ಕಪ್ಪ ಮುಳುಗು ಹಾಕಿದ. ಮರುದಿನ ಮಠದಲ್ಲಿ ಅಯ್ಯನವರು ಬೈದು, ಹೊಸ ವಿಭೂತಿ ಕೊಟ್ಟು ಒಳಗೆ ಕರೆದುಕೊಂಡರು. ಬಾಳವ್ವ ಬೈಯಲಿಲ್ಲ. “ಮೈಲಿಗಿ ಆದದ್ದಾತು, ದಾಂಡನೂ ಬರಲಿಲ್ಲಲ್ರಿ,” ಎಂದಷ್ಟೇ ಹೇಳಿ, ಗೋಡೆಯ ಮೊಳೆಗೆ ತನ್ನ ಸೀರೆ ನೇತುಹಾಕಿದಳು.

ಸಾಹೇಬ ಹೋದ. ದಾಂಡು ಕೇರಿಗೆ ಹೋದ ಮೇಲೆ ನಮ್ಮ ಆಟವೂ ಸತ್ತಿತು. ಲಕ್ಕಪ್ಪ ಮಾತ್ರ ಸೊರಗುತ್ತ ಹೋದ. ಅಂಡಿಗೆ ಹೊರುವಾಗಲೂ ಯಲ್ಲಾರಿಯ ಕೈಗಳನ್ನೇ ನೋಡುತ್ತಿದ್ದ. ಆ ಕೈಗಳು ದಾಂಡನ್ನು ಹಿಡಿಯುತ್ತವೆ, ತನ್ನವು ಹಿಡಿಯುವುದಿಲ್ಲ. ಹೀಗಿರುವಾಗ ಫಕೀರವ್ವ ಒಂದು ಸುದ್ದಿ ತಂದಳು. ಯಲ್ಲಾರಿಯ ಹೆಂಡತಿ ಕಾಡವ್ವ ಆ ದಾಂಡಿನಿಂದ ಹಳ್ಳದಲ್ಲಿ ಕೌದಿ ಬಡಿದು ಒಗೆಯುತ್ತಾಳಂತೆ. ಅದನ್ನು ಕೇಳಿ ಲಕ್ಕಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಮಾವಾಸ್ಯೆಯ ರಜೆಯ ದಿನ ಬೆಳಿಗ್ಗೆ ನನ್ನ ಮನೆಗೆ ಬಂದು ರಟ್ಟೆ ಹಿಡಿದು ಎಬ್ಬಿಸಿದ. “ನಡಿ. ಅಂಥಾ ದಾಂಡಿನಿಂದ ಕೌದಿ ಬಡೀತಾಳಂದ್ರ ನನ್ನ ಕಣ್ಣಿಂದ ನೋಡಬೇಕು.”

ಕೇರಿಯ ಅಂಚಿನಲ್ಲಿ, ಯಲ್ಲಾರಿಯ ಗುಡಿಸಲಿಗೆ ಎದುರಿಗಿದ್ದ ಬೇವಿನ ಮರದ ಕೆಳಗೆ ನಾನು ನಿಂತೆ, ಮುಂದೆ ಹೋಗಲಿಲ್ಲ. ಲಕ್ಕಪ್ಪ ಹೋದ. ಫಕೀರವ್ವನ ಸುದ್ದಿ ಸುಳ್ಳಾಗಿತ್ತು. ದಾಂಡು ಯಲ್ಲಾರಿಯ ಗುಡಿಸಲ ತೊಲೆಗೆ ತೂಗುತ್ತಿತ್ತು, ಔಡಲೆಣ್ಣೆ ಹಚ್ಚಿ ಮಿರಿಮಿರಿ ಮಾಡಿದ್ದರು. ಸಾಹೇಬ ಬಿಟ್ಟುಹೋದ ಗೋಣಿಚೀಲಗಳಲ್ಲಿ ಒಂದು ಬಾಗಿಲ ಬಳಿ ಕೂರಲು ಬಿದ್ದಿತ್ತು. ದಾಂಡು ಸುಖವಾಗಿರುವುದನ್ನು ಕಂಡು ಲಕ್ಕಪ್ಪನ ಹೊಟ್ಟೆ ಇನ್ನಷ್ಟು ಉರಿಯಿತು.

“ಒಂದ ಸಲ ಕೈಯಾಗ ಹಿಡೀತೇನಿ,” ಎಂದ. ಅವನ ಬಾಯಿಂದ ಬೇಡಿಕೆಯ ಮಾತು ನಾನು ಅದೇ ಮೊದಲು ಕೇಳಿದ್ದು.

ಯಲ್ಲಾರಿ ದಾಂಡು ಇಳಿಸಿದ. ರೂಢಿಯಂತೆ ದೂರದಲ್ಲೇ ನಿಂತ. “ನೆಲಕ್ಕ ಇಡ್ಲೇನ್ರಿ, ಒಗೀಲೇನ್ರಿ?”

“ಒಗದರ ಸೀಳತೈತಿ. ಕೈಯಾಗ ಕೊಡು.”

ಯಲ್ಲಾರಿ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಹತ್ತಿರ ಬಂದು ಕೈಗೆ ಕೊಟ್ಟ. ಲಕ್ಕಪ್ಪ ದಾಂಡನ್ನು ಸವರಿದ, ತೂಗಿದ, ಒಂದು ಸಲ ಬೀಸಿದ. ಅಷ್ಟಕ್ಕೆ ತೃಪ್ತಿಯಾಗಲಿಲ್ಲ. “ಚೆಂಡ ಐತೇನು? ಒಗಿ.”

ಯಲ್ಲಾರಿ ಹಳೆಯ ಚೆಂಡು ತಂದು ಒಗೆದ. ಲಕ್ಕಪ್ಪ ಬೀಸಿದ, ತಪ್ಪಿತು. ಮತ್ತೆ ಒಗೆದ, ಮತ್ತೆ ತಪ್ಪಿತು.

“ಎರಡೂ ಖೊಟ್ಟಿ ಇದ್ದುರಿ,” ಎಂದ ಯಲ್ಲಾರಿ ಶಾಂತವಾಗಿ. “ಇನ್ನೊಂದ ತಪ್ಪಿದರ ಔಟ್. ದಾಂಡ ವಾಪಸ ಕೊಡಬೇಕ್ರಿ.”

ವಾಪಸು ಕೊಡುವ ಮಾತು ಕೇಳಿ ಲಕ್ಕಪ್ಪನ ಕೈ ಬಿಗಿಯಿತು. ಮುಂದಿನದು ಬಂತು, ಭುಜ ಅದುರಿತು, ಬೀಸಲಿಲ್ಲ. ಅದರ ನಂತರದ್ದು ಅಳತೆಗಿಂತ ಗೇಣು ಆಚೆ. ಹಲ್ಲು ಕಚ್ಚಿ ಬಿಟ್ಟ. ಮೂರನೆಯದನ್ನೂ ಬಿಟ್ಟ. ನಾಲ್ಕನೆಯದು ಗೋದಲಿಯ ಕಡೆ ಹೋದ ರೊಟ್ಟಿಯಂತೆ ದೂರ ಹೋಯಿತು. ಲಕ್ಕಪ್ಪ ಅದನ್ನು ನೋಡುತ್ತ ನಿಂತ, ಕಾಲು ಕದಲಿಸಲಿಲ್ಲ. ಅವನ ಬೆನ್ನೆಲ್ಲ ಬೆವರಿತ್ತು.

“ನಡೀರಿ ಪೈಲವಾನ್ರ. ನಡಿಗಿ ಆತು.”

“ಎಲ್ಲಿಗೆ?”

ಯಲ್ಲಾರಿ ಕೈ ತೋರಿಸಿದ. ಅಲ್ಲಿದ್ದ ಚೀಲ ಒಂದೇ. ಅದು ಅವನ ಬಾಗಿಲಿಗೆ ಹತ್ತಿಕೊಂಡು ಬಿದ್ದಿತ್ತು.

ಲಕ್ಕಪ್ಪ ಚೀಲ ನೋಡಿದ. ತಿರುಗಿ ನನ್ನನ್ನು ನೋಡಿದ. ನಾನು ತಲೆಯೆತ್ತಿ ಬೇವಿನ ಕಾಯಿ ನೋಡತೊಡಗಿದೆ. ದಾಂಡು ಅಲ್ಲೇ ಇಟ್ಟು ತಿರುಗಿ ಬರಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅದು ಅವನು ಗಳಿಸಿದ ಮೊದಲನೆಯ ನಡಿಗಿ. ಯಲ್ಲಾರಿಗೆ ಅಷ್ಟೊಂದು ನಡಿಗಿ, ತನಗೆ ಒಂದೂ ಬೇಡವೇ? ನಡೆದ. ಹೋಗಿ ಚೀಲದ ಮೇಲೆ ಕುಳಿತ, ದಾಂಡನ್ನು ತೊಡೆಯ ಮೇಲಿಟ್ಟುಕೊಂಡ.

ಬಾಗಿಲ ಮರೆಯಿಂದ ಕಾಡವ್ವ ಕೇಳಿದಳು, “ನೀರ ಕೊಡ್ಲೇನ್ರಿ?” ಆಕೆ ತಂಬಿಗೆ ಹಿಡಿದು ಹೊರಗೆ ಬಂದಳು. ಯಲ್ಲಾರಿ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ, ಚೆಂಡು ಒಗೆಯುವವನನ್ನು ನೋಡುವ ಅದೇ ಕಣ್ಣಿನಿಂದ ಲಕ್ಕಪ್ಪನನ್ನು ನೋಡುತ್ತಿದ್ದ. ಲಕ್ಕಪ್ಪ ತಂಬಿಗೆ ತೆಗೆದುಕೊಂಡು, ತಲೆಯೆತ್ತಿ, ಗಟಗಟ ಕುಡಿದ.

ದಾಂಡನ್ನು ಯಲ್ಲಾರಿಯ ಕೈಗೇ ಮರಳಿಸಿ ಅವನು ನನ್ನೊಡನೆ ಹೊರಟ. ಮನೆಗೆ ಬಂದ ಮೇಲೆ ಬಾಳವ್ವ ನಮ್ಮಿಬ್ಬರಿಗೂ ನೀರು ತಂದಿಟ್ಟಳು. ಅವನು ಒಂದು ಗುಟುಕು ಕುಡಿದು ತಂಬಿಗೆಯನ್ನು ಕುಕ್ಕಿದ. ಮುಖದ ಮೇಲೆ ಮತ್ತೆ ಅದೇ ಸಿಟ್ಟು.

“ಬಾಳವ್ವಾ, ಅವರ ಮನಿ ನೀರ ನಮ್ಮ ಮನಿ ನೀರಕಿಂತ ತಂಪ ಅದಾವು. ಅದ್ಯಾಕ?”

ಬಾಳವ್ವನ ಕೈ ನಿಂತಿತು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹೊರಗಿನ ಬಾಗಿಲು ಮುಚ್ಚಿ ಬಂದು ಒಲೆಯ ಮುಂದೆ ಕುಳಿತಳು. ಆರುತ್ತಿದ್ದ ಕಟ್ಟಿಗೆಯನ್ನು ಒಳಗೆ ತಳ್ಳಿದಳು.

“ಗಡಿಗಿ ಯಾವ ಕುಂಬಾರನ ಕಡಿಂದ ತಂದಾರಂತ ಕೇಳಬೇಕಿತ್ತಿಲ್ರಿ?” ಎಂದಳು ಕೊನೆಗೆ.